ಎತ್ತ ಕಡೆಗೆ ಎಂದು ಕೇಳು, ಮಗಳೇ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಈಗ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೀಯ. ಚಲನೆಯ ಪಾಠ ಶುರುವಾದ ಕೂಡಲೇ ಫೋನ್ ಮಾಡಿ ಒಂದು ಮಾತು ಕೇಳಿದೆ: "ದೊಡ್ಡಪ್ಪಾ, ಸ್ಪೀಡಿಗೂ ವೆಲಾಸಿಟಿಗೂ ವ್ಯತ್ಯಾಸ ಬರೀರಿ ಅಂದ್ರೆ ಬರೀತೀನಿ. ಆದರೆ ಲೆಕ್ಕ ಮಾಡೋವಾಗ ಎರಡೂ ಒಂದೇ ಅನ್ಸುತ್ತೆ. ದಿಕ್ಕು ಅಂತ ಒಂದು ಸೇರಿಸಿಬಿಟ್ರೆ ಏನು ದೊಡ್ಡ ಬದಲಾವಣೆ ಆಗುತ್ತೆ?" ನನಗೆ ಬಹಳ ಸಂತೋಷವಾಯಿತು. ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಳ್ಳುವವರಿಗೆ ಈ ಅನುಮಾನ ಬರುವುದೇ ಇಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಪೆನ್ಸಿಲ್ಲು, ಕಾಗದ ಇಟ್ಟುಕೊಂಡು ಓದು.

ಮೊದಲು ಹೆಸರುಗಳನ್ನು ಗಟ್ಟಿ ಮಾಡಿಕೊಳ್ಳೋಣ. ನೀನು ಹೈಸ್ಕೂಲಿನಲ್ಲಿ ಜವ ಎಂದು ಓದಿದ್ದು ಈಗಿನ ಸ್ಪೀಡ್, ವೇಗ ಎಂದು ಓದಿದ್ದು ವೆಲಾಸಿಟಿ. ಮನೆಯಲ್ಲಿ, ಬಸ್ಸಿನಲ್ಲಿ ನಾವು ಎರಡಕ್ಕೂ ವೇಗ ಎಂದೇ ಅನ್ನುತ್ತೇವೆ. ಅದು ತಪ್ಪಲ್ಲ, ಆದರೆ ಭೌತಶಾಸ್ತ್ರದ ಪುಸ್ತಕ ತೆರೆದಾಗ ಮಾತ್ರ ಎರಡನ್ನೂ ಬೇರೆ ಬೇರೆ ಇಡು. ಜವ ಹುಟ್ಟುವುದು ಸವೆಸಿದ ದಾರಿಯಿಂದ. ವೇಗ ಹುಟ್ಟುವುದು ಸ್ಥಾನಪಲ್ಲಟದಿಂದ, ಅಂದರೆ ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಬಾಣದಿಂದ. ನಡುವೆ ಎಲ್ಲೆಲ್ಲಿ ಸುತ್ತಿದೆ ಎಂಬುದನ್ನು ಆ ಬಾಣ ಕೇಳುವುದಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿ ಸುಮಾರು 139 ಕಿಲೋಮೀಟರ್. ಭೂಪಟದ ಮೇಲೆ ಎರಡು ನಿಲ್ದಾಣಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಹೆಚ್ಚುಕಡಿಮೆ 125. ಎರಡು ಗಂಟೆಯಲ್ಲಿ ತಲುಪುವ ರೈಲಿನ ಸರಾಸರಿ ಜವ ಗಂಟೆಗೆ 70 ಕಿ.ಮೀ. ಹತ್ತಿರ. ಸರಾಸರಿ ವೇಗ ಗಂಟೆಗೆ ಸುಮಾರು 62 ಕಿ.ಮೀ., ನೈಋತ್ಯ ದಿಕ್ಕಿಗೆ. ಅದೇ ರೈಲಿನಲ್ಲಿ ಸಂಜೆ ಹಿಂತಿರುಗಿ ಬಂದೆ ಎಂದುಕೋ. ಇಡೀ ದಿನಕ್ಕೆ ನಿನ್ನ ಸರಾಸರಿ ವೇಗ ಸೊನ್ನೆ. 278 ಕಿ.ಮೀ. ತಿರುಗಿ ಬಂದವಳಿಗೆ ಸೊನ್ನೆ ಎಂದರೆ ಅನ್ಯಾಯ ಅನ್ನಿಸಬಹುದು. ಆದರೆ ನೀನು ದಣಿದಿದ್ದೀಯೋ ಇಲ್ಲವೋ ಎಂಬುದು ವೇಗದ ಪ್ರಶ್ನೆಯಲ್ಲ. ಬೆಳಿಗ್ಗೆ ಇದ್ದ ಜಾಗಕ್ಕೂ ಸಂಜೆ ಇದ್ದ ಜಾಗಕ್ಕೂ ಎಷ್ಟು ಅಂತರ ಬಿತ್ತು ಎಂಬುದಷ್ಟೇ ಅದರ ಪ್ರಶ್ನೆ, ಅಂತರ ಬೀಳಲೇ ಇಲ್ಲ.

ಇನ್ನೂ ತೀಕ್ಷ್ಣವಾದ ಉದಾಹರಣೆ ಬೇಕೇ? ಉಗಾಂಡದ ಜೋಶುವಾ ಚೆಪ್ಟಗಯಿ 2020ರ ಅಕ್ಟೋಬರ್‌ನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ 10,000 ಮೀಟರ್ ಓಟವನ್ನು 26 ನಿಮಿಷ 11 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಸರಾಸರಿ ಜವ ಸೆಕೆಂಡಿಗೆ 6.4 ಮೀಟರ್ ಹತ್ತಿರ. ಆದರೆ 400 ಮೀಟರ್ ಟ್ರ್ಯಾಕಿನಲ್ಲಿ ಅದು ಸರಿಯಾಗಿ 25 ಸುತ್ತು, ಹೊರಟ ಗೆರೆಯಲ್ಲೇ ಓಟ ಮುಗಿಯುತ್ತದೆ. ವಿಶ್ವದಾಖಲೆಯ ಓಟಗಾರನ ಸರಾಸರಿ ವೇಗ ಸೊನ್ನೆ ಎಂದೇ ಬರೆಯಬೇಕು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ನೇರ ದಾರಿಯಲ್ಲಿ, ಆದ್ದರಿಂದ ಅಲ್ಲಿ ಸರಾಸರಿ ಜವದ ಸಂಖ್ಯೆಯೂ ವೇಗದ ಸಂಖ್ಯೆಯೂ ಒಂದೇ, ಸೆಕೆಂಡಿಗೆ 10.44 ಮೀಟರ್.

ಬೋಲ್ಟ್ ಅವರ ಆ ಓಟದ ದಾಖಲೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, +0.9. ಅದು ಗಾಳಿಯ ಲೆಕ್ಕ. 100 ಮೀಟರ್ ಓಟದಲ್ಲಿ ಬೆನ್ನಿಗೆ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಊರ್ಜಿತವಾಗುವುದಿಲ್ಲ. ಬೆನ್ನಿಗೆ ಬಂದರೆ ಪ್ಲಸ್, ಎದೆಗೆ ಬಂದರೆ ಮೈನಸ್. ಗಾಳಿ ಎಷ್ಟು ಜೋರು ಎಂದು ಕೇಳಿ ಸುಮ್ಮನಾದರೆ ಓಟಗಾರನಿಗೆ ಅದು ಸಹಾಯ ಮಾಡಿತೋ ತಡೆಯಿತೋ ಗೊತ್ತಾಗುವುದೇ ಇಲ್ಲ. 10,000 ಮೀಟರಿನ ದಾಖಲೆಗೆ ಗಾಳಿಯ ಮಿತಿಯೇ ಇಲ್ಲ, ಏಕೆಂದರೆ ಪ್ರತಿ ಸುತ್ತಿನಲ್ಲೂ ಅದೇ ಗಾಳಿ ಒಮ್ಮೆ ಬೆನ್ನಿಗೆ, ಒಮ್ಮೆ ಎದೆಗೆ. ನಿಮ್ಮ ಪುಸ್ತಕದ ಋಣ ಚಿಹ್ನೆ ಕ್ರೀಡಾಂಗಣದಲ್ಲಿ ಎಷ್ಟು ಕೆಲಸ ಮಾಡುತ್ತಿದೆ ನೋಡು.

ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಹೋಗುವಾಗ ಗಂಟೆಗೆ 60, ಬರುವಾಗ 40 ಎಂದರೆ ಸರಾಸರಿ ಜವ 50 ಅಲ್ಲ, 48. ನಿಧಾನವಾಗಿ ಬಂದ ದಾರಿಗೆ ಹೆಚ್ಚು ಹೊತ್ತು ಹಿಡಿದಿರುತ್ತದೆ. ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸು, ಬೇರೆ ಅಡ್ಡದಾರಿ ಇಲ್ಲ.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರೋಣ. ದಿಕ್ಕನ್ನು ಸೇರಿಸದಿದ್ದರೆ ಏನು ಕೆಡುತ್ತದೆ? ಒಂದು ಚೆಂಡನ್ನು ಸೆಕೆಂಡಿಗೆ 20 ಮೀಟರಿನಂತೆ ನೇರ ಮೇಲಕ್ಕೆ ಎಸೆ. ಗುರುತ್ವದ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, 10 ಎಂದಿಟ್ಟುಕೊಂಡರೆ ನಾಲ್ಕು ಸೆಕೆಂಡಿನಲ್ಲಿ ಅದು ನಿನ್ನ ಕೈಗೆ ವಾಪಸು, ಮತ್ತೆ ಸೆಕೆಂಡಿಗೆ 20 ಮೀಟರಿನಂತೆಯೇ. ಜವವನ್ನೇ ನಂಬಿ ಲೆಕ್ಕ ಹಾಕಿದರೆ 20ರಿಂದ 20 ಕಳೆದು ಸೊನ್ನೆ, ಬದಲಾವಣೆಯೇ ಇಲ್ಲ, ಹಾಗಾಗಿ ವೇಗೋತ್ಕರ್ಷವೂ ಸೊನ್ನೆ. ಅಂದರೆ ಭೂಮಿ ಆ ಚೆಂಡನ್ನು ಎಳೆಯಲೇ ಇಲ್ಲ ಎಂದಾಯಿತು! ಈಗ ಮೇಲಿನ ದಿಕ್ಕನ್ನು ಧನ ಎಂದು ಇಟ್ಟುಕೋ. ಮೊದಲ ವೇಗ +20, ಕೊನೆಯ ವೇಗ −20. ಬದಲಾವಣೆ −40. ನಾಲ್ಕು ಸೆಕೆಂಡಿನಿಂದ ಭಾಗಿಸಿದರೆ −10. ಗುರುತ್ವ ಸಿಕ್ಕಿತು, ಅದರ ದಿಕ್ಕು ಕೆಳಗೆ ಎಂಬುದೂ ಸಿಕ್ಕಿತು. ಚಿಹ್ನೆಯನ್ನು ಬಿಟ್ಟವರಿಗೆ ಪ್ರಕೃತಿಯ ಒಂದು ಬಲವೇ ಕಾಣದೆ ಹೋಗುತ್ತದೆ.

ಇದೇ ಚೆಂಡು ತುತ್ತತುದಿಯಲ್ಲಿ ಕ್ಷಣಮಾತ್ರ ನಿಲ್ಲುತ್ತದಲ್ಲ, ಆಗ ಅದರ ವೇಗ ಸೊನ್ನೆ, ವೇಗೋತ್ಕರ್ಷ ಮಾತ್ರ ಆಗಲೂ −10. ಕೆಳಗೆ ಬೀಳುವಾಗ ವೇಗ ಋಣ, ವೇಗೋತ್ಕರ್ಷವೂ ಋಣ, ಜವ ಮಾತ್ರ ಏರುತ್ತಲೇ ಇರುತ್ತದೆ. ಋಣ ಎಂದರೆ ನಿಧಾನವಾಗುವುದು ಎಂದು ಮನಸ್ಸಿನಲ್ಲಿ ಕೂತಿದ್ದರೆ ಇವತ್ತೇ ಅದನ್ನು ಕಿತ್ತುಹಾಕು. ವೇಗ ಮತ್ತು ವೇಗೋತ್ಕರ್ಷ ಎದುರುಬದುರಾದಾಗ ಜವ ಕುಗ್ಗುತ್ತದೆ, ಒಂದೇ ಕಡೆಗಿದ್ದರೆ ಹಿಗ್ಗುತ್ತದೆ.

ದಿಕ್ಕನ್ನು ಕಡೆಗಣಿಸಿ ಎಡವಿದವರಲ್ಲಿ ಬಹಳ ದೊಡ್ಡವರೂ ಇದ್ದಾರೆ ಎಂದು ನಿನಗೆ ಗೊತ್ತಿರಲಿ. ಫ್ರಾನ್ಸಿನ ರೆನೆ ಡೆಕಾರ್ಟ್ ಗಣಿತದಲ್ಲಿ ಎಂಥವರು ಎಂದು ನಿನಗೆ ಹೇಳಬೇಕಿಲ್ಲ. ನೀನು ದಿನಾ ಬಳಸುವ ಎಕ್ಸ್, ವೈ ಅಕ್ಷಗಳಿಗೆ ಅವರದೇ ಹೆಸರು. 1644ರಲ್ಲಿ ಅವರು ಪ್ರಕಟಿಸಿದ ತತ್ತ್ವಶಾಸ್ತ್ರದ ಗ್ರಂಥದಲ್ಲಿ, ಜಗತ್ತಿನಲ್ಲಿರುವ ಚಲನೆಯ ಒಟ್ಟು ಪ್ರಮಾಣ ಎಂದೂ ಬದಲಾಗದು ಎಂದರು. ಬಹಳ ಆಳವಾದ ಊಹೆ ಅದು. ಆದರೆ ಆ ಪ್ರಮಾಣವನ್ನು ಅವರು ವಸ್ತುವಿನ ಗಾತ್ರ ಗುಣಿಸು ಜವ ಎಂದು ಅಳೆದರು. ದಿಕ್ಕನ್ನು ಬೇರೆಯೇ ಒಂದು ಸಂಗತಿ ಎಂದು ಪಕ್ಕಕ್ಕಿಟ್ಟರು. ಅಲ್ಲಿಂದ ಡಿಕ್ಕಿಯ ನಿಯಮಗಳು ಎಡವಟ್ಟಾದವು. ಚಿಕ್ಕ ವಸ್ತು ಎಷ್ಟೇ ಜೋರಾಗಿ ಬಂದು ಬಡಿದರೂ ನಿಂತಿರುವ ದೊಡ್ಡ ವಸ್ತುವನ್ನು ಅಲುಗಿಸಲಾರದು ಎಂಬ ನಿಯಮವೂ ಅವುಗಳಲ್ಲಿ ಒಂದು. ಗೋಲಿ ಆಡಿದ ಯಾವ ಮಗುವೂ ಒಪ್ಪದ ಮಾತು.

ಸರಿಪಡಿಸಿದವರು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಮತ್ತು ಇಂಗ್ಲೆಂಡಿನ ಜಾನ್ ವಾಲಿಸ್, ಕ್ರಿಸ್ಟಫರ್ ರೆನ್. 1668–69ರಲ್ಲಿ ಈ ಮೂವರೂ ಲಂಡನ್ನಿನ ರಾಯಲ್ ಸೊಸೈಟಿಗೆ ಡಿಕ್ಕಿಯ ನಿಯಮಗಳನ್ನು ಬರೆದು ಕಳಿಸಿದರು. ಅವರ ದಾರಿಯ ತಿರುಳು ಇಷ್ಟು. ಒಂದೇ ತೂಕದ ಎರಡು ಜೇಡಿಮಣ್ಣಿನ ಉಂಡೆಗಳು ಎದುರುಬದುರಿನಿಂದ ಒಂದೇ ಜವದಲ್ಲಿ ಬಂದು ಬಡಿದು ಅಂಟಿಕೊಂಡು ನಿಂತವು ಎನ್ನು. ಜವವನ್ನು ಕೂಡಿದರೆ ಮೊದಲು ಏನೋ ಒಂದು ಇತ್ತು, ಆಮೇಲೆ ಸೊನ್ನೆ. ಚಲನೆಯ ಪ್ರಮಾಣ ಮಾಯವಾಯಿತು! ವೇಗವನ್ನು ಕೂಡಿದರೆ ಒಂದು ಪ್ಲಸ್, ಒಂದು ಮೈನಸ್, ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ಏನೂ ಮಾಯವಾಗಲಿಲ್ಲ. ನೀನು ಮುಂದಿನ ಪಾಠಗಳಲ್ಲಿ ಓದುವ ಸಂವೇಗ ಸಂರಕ್ಷಣೆ ಹೀಗೆ ಗಟ್ಟಿಯಾಯಿತು. 1687ರಲ್ಲಿ ನ್ಯೂಟನ್ ತಮ್ಮ ಮೊದಲ ನಿಯಮದಲ್ಲಿ ಏಕರೂಪ ಚಲನೆ ಎಂದು ಹೇಳಿ ಸುಮ್ಮನಾಗದೆ, ಸರಳರೇಖೆಯಲ್ಲಿ ಎಂದೂ ಸೇರಿಸಿದರು. ಆ ಸರಳರೇಖೆಯೇ ದಿಕ್ಕು. ಜವ ಹಾಗೇ ಇದ್ದು ದಾರಿ ಬಾಗಿದರೂ ಅಲ್ಲಿ ಬಲ ಇದೆ ಎಂದು ತಿಳಿ.

ನನ್ನ ಪ್ರಕಾರ ಈ ಪಾಠದ ಜೀವ ಇಲ್ಲೇ ಇದೆ. "ವೇಗ ಎಂದರೆ ದಿಕ್ಕು ಇರುವ ಜವ" ಎಂಬ ವಾಕ್ಯವನ್ನು ಎಷ್ಟು ಸಲ ಬರೆದರೂ ವಿಷಯ ಒಳಗೆ ಇಳಿಯುವುದಿಲ್ಲ. ದಿಕ್ಕು ಬದಲಿಸುವುದಕ್ಕೂ ಬಲ ಬೇಕು ಎಂದು ಮೈಗೆ ಗೊತ್ತಾಗಬೇಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸು ಇಳಿಯುವಾಗ ಚಾಲಕರ ಮುಂದಿನ ಮುಳ್ಳು 20ರಲ್ಲೇ ನಿಂತಿರಬಹುದು, ಆದರೂ ನೀನು ಕಿಟಕಿಯ ಕಡೆಗೋ ಪಕ್ಕದವರ ಮೇಲೋ ವಾಲುತ್ತೀಯ. ಮುಳ್ಳು ತೋರಿಸುತ್ತಿರುವುದು ಜವವನ್ನು. ಬದಲಾಗುತ್ತಿರುವುದು ವೇಗ. ರಸ್ತೆ ಚಕ್ರವನ್ನು ತಿರುವಿನ ಒಳಗಡೆಗೆ ತಳ್ಳುತ್ತಿದೆ, ನಿನ್ನ ಮೈ ಮಾತ್ರ ಹಳೆಯ ದಿಕ್ಕಿನಲ್ಲೇ ಹೋಗಲು ನೋಡುತ್ತಿದೆ. ಬೇಕಾಗುವ ಬಲ ಜವದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ತಿರುವಿನಲ್ಲಿ 20ರ ಬದಲು 40ರಲ್ಲಿ ಹೋದರೆ ಬೇಕಾಗುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒದ್ದೆ ರಸ್ತೆ ಅಷ್ಟು ಬಲ ಕೊಡಲಾರದೆ ಹೋದರೆ ಗಾಡಿ ನೇರಕ್ಕೆ ಜಾರುತ್ತದೆ. ಮುಂದೆ ನೀನು ಸ್ಕೂಟರ್ ಕಲಿಯುತ್ತೀಯಲ್ಲ, ಆಗ ಈ ನಾಲ್ಕು ಪಟ್ಟು ನೆನಪಿರಲಿ.

ಎರಡು ವೇಗಗಳನ್ನು ಕೂಡುವ ಲೆಕ್ಕ ನಿನಗೆ ಕಷ್ಟ ಎಂದೆಯಲ್ಲ, ಅದಕ್ಕೆ ಹೊಳೆಯ ದಂಡೆಗೆ ಬಾ. ಹಂಪಿಯ ಕಡೆ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು ನೀರಿನ ಸೆಳೆತ ಇದ್ದಾಗ ಎದುರಿನ ದಡಕ್ಕೆ ನೇರ ಹೊರಡುವುದಿಲ್ಲ. ಮೊದಲು ದಡದ ಗುಂಟ ಮೇಲಕ್ಕೆ ಹೋಗಿ ಆಮೇಲೆ ಅಡ್ಡ ಹಾಕುತ್ತಾರೆ. ಲೆಕ್ಕಕ್ಕೆ ಹೀಗೆ ಇಟ್ಟುಕೋ: ಹುಟ್ಟು ಹಾಕುವ ವೇಗ ಗಂಟೆಗೆ 4 ಕಿ.ಮೀ., ಹೊಳೆಗೆ ಅಡ್ಡಲಾಗಿ. ನೀರು ಹರಿಯುವುದು ಗಂಟೆಗೆ 3 ಕಿ.ಮೀ. ಹೊಳೆಯ ಅಗಲ 200 ಮೀಟರ್. ಬರಿಯ ಸಂಖ್ಯೆಗಳಾದರೆ 4 ಮತ್ತು 3 ಕೂಡಿ 7. ಇಲ್ಲಿ ಇರುವುದು ಬಾಣಗಳು, ಲಂಬವಾಗಿ ನಿಂತ ಬಾಣಗಳು, ಪೈಥಾಗೊರಸ್ ಪ್ರಕಾರ ಸಿಗುವುದು 5, ಅದೂ ಓರೆಯಾಗಿ. ದಾಟಲು ಮೂರು ನಿಮಿಷ ಬೇಕು. ಅಷ್ಟರಲ್ಲಿ ನೀರು ಹರಿಗೋಲನ್ನು 150 ಮೀಟರ್ ಕೆಳಗೆ ಒಯ್ದಿರುತ್ತದೆ. ಮೇಲಕ್ಕೆ ಹೋಗಿ ಹೊರಟಿದ್ದು ಈ 150 ಮೀಟರಿಗಾಗಿ. ಇಲ್ಲಿ ಒಂದು ಸೊಗಸು ಗಮನಿಸು: ಹುಟ್ಟನ್ನು ಹೊಳೆಗೆ ಅಡ್ಡಲಾಗಿಯೇ ಹಾಕುತ್ತಿದ್ದರೆ ನೀರು ಎಷ್ಟೇ ರಭಸವಾಗಿದ್ದರೂ ದಾಟುವ ಹೊತ್ತು ಅದೇ ಮೂರು ನಿಮಿಷ. ಹರಿವಿನ ದಿಕ್ಕು ಬೇರೆ, ದಾಟುವ ದಿಕ್ಕು ಬೇರೆ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಮನಸ್ಸು ಸ್ವಲ್ಪ ಹಟ ಮಾಡುತ್ತದೆ, ಚಿತ್ರ ಬರೆದು ನೋಡು.

ದಿಕ್ಕಿಗೆ ಎಷ್ಟು ಬೆಲೆ ಎಂದು ನಿಜವಾಗಿ ಗೊತ್ತಿರುವುದು ರಾಕೆಟ್ ಹಾರಿಸುವವರಿಗೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ನಮ್ಮ ರಾಕೆಟ್ಟುಗಳು ಏರುವ ಶ್ರೀಹರಿಕೋಟದ ನೆಲವೇ ಸೆಕೆಂಡಿಗೆ ಸುಮಾರು 450 ಮೀಟರಿನಂತೆ ಪೂರ್ವಕ್ಕೆ ಓಡುತ್ತಿದೆ. ಪೂರ್ವಕ್ಕೆ ಹಾರಿಸಿದ ರಾಕೆಟ್ಟಿಗೆ ಅದು ಬಿಟ್ಟಿ ಸಿಕ್ಕ ಬಂಡವಾಳ. ದಕ್ಷಿಣಕ್ಕೆ, ಧ್ರುವದ ಕಕ್ಷೆಗೆ ಹೋಗಬೇಕಾದ ಪಿಎಸ್‌ಎಲ್‌ವಿಗೆ ಆ ಲಾಭವಿಲ್ಲ. ಸಾಲದ್ದಕ್ಕೆ ನೇರ ದಕ್ಷಿಣದಲ್ಲಿ ಶ್ರೀಲಂಕಾ ಇದೆ. ಅದರ ಮೇಲೆ ಹಾಯಬಾರದೆಂದು ರಾಕೆಟ್ ಮೊದಲು ಆಗ್ನೇಯಕ್ಕೆ ಹೋಗಿ ಆಮೇಲೆ ಆಕಾಶದಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ಆ ತಿರುವಿಗೆ ಇಂಧನ ಖರ್ಚಾಗುತ್ತದೆ, ಒಯ್ಯುವ ಉಪಗ್ರಹದ ತೂಕ ಅಷ್ಟು ಕಡಿಮೆಯಾಗುತ್ತದೆ. ತಮಿಳುನಾಡಿನ ತೂತುಕುಡಿ ಜಿಲ್ಲೆಯ ಕುಲಶೇಖರಪಟ್ಟಿಣದಲ್ಲಿ ಸಣ್ಣ ರಾಕೆಟ್ಟುಗಳಿಗಾಗಿ ಇನ್ನೊಂದು ಉಡಾವಣಾ ಕೇಂದ್ರಕ್ಕೆ 2024ರಲ್ಲಿ ಶಂಕುಸ್ಥಾಪನೆ ಮಾಡಿದ್ದಕ್ಕೆ ಮುಖ್ಯ ಕಾರಣವೇ ಇದು, ಅಲ್ಲಿಂದ ದಕ್ಷಿಣಕ್ಕೆ ಸೀದಾ ಹಾರಿಸಬಹುದು.

ಇನ್ನೊಂದು ಲೆಕ್ಕ ಕೊಡುತ್ತೇನೆ, ಇದು ನನಗೆ ತುಂಬ ಪ್ರಿಯವಾದದ್ದು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರಿನಂತೆ ಹೋಗುತ್ತಿರುತ್ತದೆ. ಅದರ ಕಕ್ಷೆಯನ್ನು 60 ಡಿಗ್ರಿ ಓರೆ ಮಾಡಬೇಕು, ಜವ ಅಷ್ಟೇ ಇರಲಿ ಎಂದುಕೋ. ಹಳೆಯ ವೇಗಕ್ಕೆ ಒಂದು ಬಾಣ, ಹೊಸ ವೇಗಕ್ಕೆ ಅಷ್ಟೇ ಉದ್ದದ ಇನ್ನೊಂದು ಬಾಣ, ನಡುವೆ 60 ಡಿಗ್ರಿ. ತುದಿಗಳನ್ನು ಸೇರಿಸು. ಸಮಬಾಹು ತ್ರಿಭುಜ! ಮೂರನೆಯ ಬಾಹುವೂ 7.8. ಅಂದರೆ ಜವದಲ್ಲಿ ಕೂದಲೆಳೆಯ ಬದಲಾವಣೆಯೂ ಇಲ್ಲದೆ ದಿಕ್ಕನ್ನಷ್ಟೇ ತಿರುಗಿಸಲು, ಆ ಉಪಗ್ರಹದ ಇಡೀ ಜವಕ್ಕೆ ಸಮನಾದ ವೇಗವನ್ನು ಎಂಜಿನ್ ಮತ್ತೆ ಹುಟ್ಟಿಸಿಕೊಡಬೇಕು. ಹೈಸ್ಕೂಲಿನ ರೇಖಾಗಣಿತದಲ್ಲೇ ಉತ್ತರ ಸಿಕ್ಕಿಬಿಟ್ಟಿತು, ನೋಡು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ನಾವೆಲ್ಲ ಟಿವಿ ಮುಂದೆ ಕೂತು ನೋಡಿದೆವು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಿಂದ ಬರುತ್ತಿದ್ದ ಆ ಪರದೆಯಲ್ಲಿ ಅಡ್ಡ ವೇಗಕ್ಕೆ ಒಂದು ಅಂಕಿ, ಲಂಬ ವೇಗಕ್ಕೆ ಇನ್ನೊಂದು ಅಂಕಿ ಬೇರೆ ಬೇರೆಯಾಗಿ ಬದಲಾಗುತ್ತಿದ್ದವು. ಏಕೆ ಎರಡು? ಸುಮಾರು 30 ಕಿ.ಮೀ. ಎತ್ತರದಲ್ಲಿ ಇಳಿಯಲು ಶುರುಮಾಡಿದಾಗ ಅದರ ಇಳಿಯುವ ನೌಕೆ ವಿಕ್ರಮ್ ಚಂದ್ರನ ನೆಲಕ್ಕೆ ಸಮಾನಾಂತರವಾಗಿ ಸೆಕೆಂಡಿಗೆ ಸುಮಾರು 1.68 ಕಿ.ಮೀ. ಓಡುತ್ತಿತ್ತು, ಅಂದರೆ ಗಂಟೆಗೆ ಆರು ಸಾವಿರ ಕಿ.ಮೀ. ಅದನ್ನು ಪೂರ್ತಿ ಕೊಲ್ಲಬೇಕು, ಜೊತೆಗೆ ಬೀಳುವ ವೇಗವನ್ನೂ ಹಿಡಿತದಲ್ಲಿ ಇಡಬೇಕು. ಒಟ್ಟು ಜವ ತೀರಾ ಕಡಿಮೆಯಾಗಿದೆ ಎಂದು ಸಮಾಧಾನಪಡುವಂತಿಲ್ಲ. ಕೆಳಮುಖವಾಗಿ ಸೆಕೆಂಡಿಗೆ ಒಂದೆರಡು ಮೀಟರ್ ಇದ್ದರೆ ಕಾಲುಗಳು ತಡೆದುಕೊಳ್ಳುತ್ತವೆ. ಅಷ್ಟೇ ವೇಗ ಅಡ್ಡಕ್ಕೆ ಉಳಿದುಬಿಟ್ಟರೆ ಕಾಲು ಊರುವಾಗ ನೌಕೆ ಮಗುಚಿಕೊಳ್ಳುವ ಅಪಾಯವಿದೆ. ಅದಕ್ಕೆಂದೇ ಚಂದ್ರಯಾನ-3ರಲ್ಲಿ ಲೇಸರ್ ಕಿರಣಗಳಿಂದ ಮೂರು ದಿಕ್ಕಿನ ವೇಗವನ್ನೂ ಅಳೆಯುವ ಹೊಸ ಉಪಕರಣ ಇಟ್ಟಿದ್ದರು. ಸಂಜೆ 6 ಗಂಟೆ 4 ನಿಮಿಷಕ್ಕೆ ಎರಡೂ ಅಂಕಿಗಳು ಪಳಗಿ ಬಂದವು. ಆ ಕೇಂದ್ರದಲ್ಲಿ ಕೂತಿದ್ದವರೂ ಒಂದು ಕಾಲಕ್ಕೆ ಇದೇ ಪಾಠವನ್ನು, ಇದೇ ಬಾಣಗಳನ್ನು ಬರೆದು ಕಲಿತವರು, ಮಗಳೇ.

ಇನ್ನು ಪರೀಕ್ಷೆಯ ಮಾತು. ಲೆಕ್ಕ ಓದಿದ ತಕ್ಷಣ ಸೂತ್ರಕ್ಕೆ ಕೈಹಾಕಬೇಡ. ಒಂದು ಗೆರೆ ಎಳೆ, ಯಾವ ಕಡೆ ಧನ ಎಂದು ಬಾಣ ಹಾಕು, ಆ ಲೆಕ್ಕ ಮುಗಿಯುವವರೆಗೆ ಅದನ್ನು ಬದಲಿಸಬೇಡ. ಜವ ಕೇಳಿದರೆ ಉತ್ತರದಲ್ಲಿ ಋಣ ಚಿಹ್ನೆ ಬರಲೇಬಾರದು. ವೇಗ ಕೇಳಿದರೆ ಚಿಹ್ನೆಯನ್ನೋ ದಿಕ್ಕನ್ನೋ ಬರೆಯದೆ ಉತ್ತರ ಮುಗಿಯಬಾರದು. ವೇಗ-ಕಾಲದ ನಕ್ಷೆಯಲ್ಲಿ ಗೆರೆ ಅಕ್ಷದ ಕೆಳಗೆ ಇಳಿದರೆ, ಸ್ಥಾನಪಲ್ಲಟಕ್ಕೆ ಆ ಭಾಗದ ವಿಸ್ತೀರ್ಣವನ್ನು ಕಳೆ, ದೂರಕ್ಕೆ ಕೂಡು. ಸರಾಸರಿ ಜವ ಯಾವಾಗಲೂ ಸರಾಸರಿ ವೇಗದ ಪ್ರಮಾಣದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ, ಕಡಿಮೆ ಬಂದರೆ ಎಲ್ಲೋ ತಪ್ಪಿದೆ ಎಂದು ಹಿಂದಕ್ಕೆ ಹೋಗಿ ನೋಡು. ಆಯಾ ಕ್ಷಣದ ಜವ ಮತ್ತು ವೇಗದ ಪ್ರಮಾಣ ಮಾತ್ರ ಎಂದೂ ಒಂದೇ, ಏಕೆಂದರೆ ಕಾಲವನ್ನು ಸಣ್ಣದು ಮಾಡುತ್ತ ಹೋದಂತೆ ಎಂಥ ಬಾಗಿದ ದಾರಿಯೂ ನೇರ ಗೆರೆಗೆ ಹತ್ತಿರವಾಗುತ್ತದೆ. ಈ ಕೊನೆಯ ಮಾತು ಈಗ ಪೂರ್ತಿ ಹಿಡಿಸದಿದ್ದರೆ ಚಿಂತೆಯಿಲ್ಲ, ಗಣಿತದಲ್ಲಿ ಕಲನಶಾಸ್ತ್ರ ಶುರುವಾದ ಮೇಲೆ ತಾನಾಗಿ ತಿಳಿಯಾಗುತ್ತದೆ. ಪದಗಳು ಇಂಗ್ಲಿಷಿನಲ್ಲಿ ಬರುತ್ತಿವೆ ಎಂದು ಅಂಜಬೇಡ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆ, ಬಾಣಕ್ಕೆ ಭಾಷೆ ಬೇಕಿಲ್ಲ.

ನಿನಗೊಂದು ಕೆಲಸ ಕೊಡುತ್ತೇನೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು 10 ಸೆಂಟಿಮೀಟರ್ ಉದ್ದ ಎಂದುಕೋ. ಅದರ ತುದಿ 12ರಿಂದ 6ಕ್ಕೆ ಬರುವ ಅರ್ಧ ನಿಮಿಷದಲ್ಲಿ ಸರಾಸರಿ ಜವ ಎಷ್ಟು, ಸರಾಸರಿ ವೇಗ ಎಷ್ಟು, ಎತ್ತ ಕಡೆಗೆ? ಮೊದಲ ಕ್ಷಣಕ್ಕೂ ಕೊನೆಯ ಕ್ಷಣಕ್ಕೂ ವೇಗದಲ್ಲಿ ಆದ ಬದಲಾವಣೆ ಎಷ್ಟು? ನನಗೆ ಬಂದ ಉತ್ತರಗಳು: ಸೆಕೆಂಡಿಗೆ 1.05 ಸೆಂ.ಮೀ., ಸೆಕೆಂಡಿಗೆ 0.67 ಸೆಂ.ಮೀ. ನೇರ ಕೆಳಕ್ಕೆ, ಬದಲಾವಣೆ ಸೆಕೆಂಡಿಗೆ 2.1 ಸೆಂ.ಮೀ. ಈ ಬದಲಾವಣೆ ಯಾವ ಕಡೆಗೆ ಎಂದು ಬೇಕೆಂದೇ ಬಿಟ್ಟಿದ್ದೇನೆ. ಬಾಣ ಬರೆದು ಕಂಡುಹಿಡಿ, ಭಾನುವಾರ ಫೋನ್ ಮಾಡಿ ಹೇಳು.